ಮಾರಿಕಣಿವೆಗೆ ಒಂದು ಹಳೇ ಹಾಯಿದೋಣಿ

ಬರದ ಸೀಮೆಯಲ್ಲಿ ದೋಣಿ ಇಟ್ಟುಕೊಂಡು ಏನ್ಮಾಡ್ತೀಯಪ್ಪಾ ಅಂತ ಕೇಳದವರಿಲ್ಲ. ಚಿತ್ರದುರ್ಗದಲ್ಲಿ ನೀರಿಗೆ ಬರ ಇರಬಹುದು, ಗಾಳಿಗಿಲ್ಲವಲ್ಲ! ಜೋಗಿಮಟ್ಟಿ ಕಡೆ ಕತ್ತೆತ್ತಿದರೆ ಗಾಳಿ ಫ್ಯಾನುಗಳು ಕಾಣುತ್ತವೆ. ನೀರಿಗೂ ಮಾರಿಕಣಿವೆ ಇದೆ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲೇ.

ನನಗೆ ಸಿಕ್ಕಿದ್ದು ಆಪ್ಟಿಮಿಸ್ಟ್ ಅನ್ನುವ ಪುಟ್ಟ ಮರದ ದೋಣಿ. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗೆಂದು ರೂಪಿಸಿದ್ದು. ಎಂಟಡಿ ಪ್ಲೈವುಡ್‌ನಲ್ಲಿ ಮುಗಿಯಬೇಕು, ಖರ್ಚೂ ಕಡಿಮೆ ಇರಬೇಕು ಅಂತ ಮೂತಿಯನ್ನು ಮೊಂಡಾಗಿಯೇ ಬಿಟ್ಟರು. ಉದ್ದ 2.3 ಮೀಟರ್, ಖಾಲಿ ದೋಣಿ ಸುಮಾರು 35 ಕೆಜಿ. ಮಗಳಿಗೆ ಹೇಳಿ ಮಾಡಿಸಿದ ಅಳತೆ.

ಬಣ್ಣ ಬಳಿದರೆ ಹೊಸದಾಗುತ್ತೆ ಬಿಡಿ ಸಾರ್ ಅಂದರು ಬಡಗಿ. ನಾನು ಒಪ್ಪಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಉದ್ದಕ್ಕೂ ಚುಚ್ಚುತ್ತಾ ಹೋದೆವು. ಕೊಳೆತದ್ದು ಕೂವೆಮರದ, ಅಂದರೆ ಹಾಯಿ ಕಟ್ಟುವ ಕಂಬದ, ಬುಡ ಕೂರುವ ಗುಳಿ, ಮತ್ತೆ ನಡುವೆ ನೀರಿಗೆ ಇಳಿಬಿಡುವ ಹಲಗೆಯ ಗೂಡು. ಈ ದೋಣಿಯಲ್ಲಿ ಕೂವೆಮರವನ್ನು ಆಚೀಚೆ ಎಳೆದು ಹಿಡಿಯುವ ತಂತಿಗಳೇ ಇಲ್ಲ. ಹಾಯಿಗೆ ಬಿದ್ದ ಗಾಳಿಯ ಭಾರವೆಲ್ಲ ಆ ಗುಳಿ ಮತ್ತು ಅದರ ಮೇಲಿನ ಅಡ್ಡಹಲಗೆಯ ಮೇಲೆ. ಹಾಗಾಗಿ ಕೊಳೆತಷ್ಟನ್ನೂ ಕೊರೆದು ತೆಗೆದೆವು.

ಪ್ಲೈವುಡ್ ಅಂಗಡಿಯಲ್ಲಿ ವಾಟರ್‌ಪ್ರೂಫ್ ಸಾರ್ ಅಂದರೆ ಸುಮ್ನೆ ನಂಬಬೇಡಿ. ಹಾಳೆಯ ಮೇಲೆ ಐಎಸ್ 710 ಅಂತ, ಅಂದರೆ ದೋಣಿಗೆ ಆಗುವ ಪ್ಲೈವುಡ್‌ನ ಭಾರತೀಯ ಮಾನಕದ, ಮುದ್ರೆ ಇರಬೇಕು. 303 ಅಂತಿದ್ದರೆ ಅದು ಅಡುಗೆಮನೆ ಕಪಾಟಿಗೆ. ಎಷ್ಟೇ ಒಳ್ಳೆಯದಾದರೂ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ, ಅಲ್ಲಿಗೆ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ಜಾಸ್ತಿ ಹಚ್ಚಿ. ನಮ್ಮ ಬೇಸಿಗೆಯಲ್ಲಿ ಎಪಾಕ್ಸಿ ಡಬ್ಬದಲ್ಲೇ ಬಿಸಿಯಾಗಿ ಗಟ್ಟಿಯಾಗಿಬಿಡುತ್ತೆ. ಬೆಳಗ್ಗೆ ಬೇಗ, ಅಗಲ ತಟ್ಟೆಯಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿ. ಬಿಸಿಲು ಅದನ್ನು ಹಾಳು ಮಾಡುತ್ತೆ, ಬಣ್ಣ ಬೇಕಾಗುವುದು ಅದಕ್ಕೇ.

ಇನ್ನು ಹಾಯಿ. ನನ್ನ ಕೇಳಿದರೆ ಅಸಲಿ ಕೆಲಸ ಶುರುವಾಗುವುದು ಇಲ್ಲಿ. ಹಾಯಿಗೆ ನಾಲ್ಕು ಮೂಲೆ, ಮೇಲಿನ ಹೊರಮೂಲೆಯನ್ನು ಎತ್ತಿ ಹಿಡಿಯುವುದು ಸ್ಪ್ರಿಟ್ ಅನ್ನುವ ಓರೆ ಕೋಲು. ಆ ಕೋಲಿನ ಹಗ್ಗವನ್ನು ಎಷ್ಟು ಬಿಗಿಯಬೇಕು ಅಂತ ಯಾರನ್ನೂ ಕೇಳಬೇಕಿಲ್ಲ, ಹಾಯಿಯೇ ಹೇಳುತ್ತೆ. ಕೂವೆಮರದ ತುದಿಯಿಂದ ಕೆಳಗಿನ ಹೊರಮೂಲೆಗೆ ಸುಕ್ಕು ಬಿದ್ದರೆ ಸಡಿಲ. ಕೋಲಿನ ತುದಿಯಿಂದ ಕೂವೆಮರದ ಬುಡದ ಕಡೆ ಬಿದ್ದರೆ ಜಾಸ್ತಿ ಬಿಗಿ. ಗಾಳಿ ಬದಲಾದಂತೆ ಇದೂ ಬದಲಾಗುತ್ತೆ, ಮನೆ ಮುಂದೆಯೇ ನಿಲ್ಲಿಸಿಕೊಂಡು ಅಭ್ಯಾಸ ಮಾಡಬಹುದು, ಬೀದಿಯವರು ನಗುತ್ತಾರೆ ಅಷ್ಟೆ. ಹಾಯಿಯನ್ನು ಮರಕ್ಕೆ ಕಟ್ಟುವ ಸಣ್ಣ ದಾರಗಳನ್ನೂ ಸಡಿಲ ಬಿಡಬೇಡಿ. ಅಲ್ಲಿ ಸಂದು 10 ಮಿಲಿಮೀಟರ್ ದಾಟಬಾರದು ಅಂತ ರೇಸಿನ ನಿಯಮವೇ ಇದೆ. ಹಗ್ಗ ಪಾಲಿಯೆಸ್ಟರ್‌ದೇ ಇರಲಿ. ನೈಲಾನ್ ಹಿಗ್ಗುತ್ತೆ, ಬಿಗಿದದ್ದು ಬಿಗಿದಂತೆ ನಿಲ್ಲಲ್ಲ.

ಕೂವೆಮರ ಕಳಚದಂತೆ ಬುಡದಲ್ಲಿ ಒಂದು ಗಟ್ಟಿ ಹಗ್ಗ ಬೇಕೇ ಬೇಕು. ದೋಣಿ ಮಗುಚಿದಾಗ ಮರ ಗುಳಿಯಿಂದ ಎದ್ದರೆ ಅಡ್ಡಹಲಗೆಯನ್ನೇ ಸೀಳುತ್ತೆ. ಮುಳುಗದಂತೆ ಒಳಗೆ ಗಾಳಿಚೀಲ ಕಟ್ಟಿದ್ದೇವೆ, ಲೈಫ್ ಜಾಕೆಟ್ ಬಂದಿದೆ, ಜಲಾಶಯದಲ್ಲಿ ಇಳಿಸಲು ಅನುಮತಿಗೆ ಅರ್ಜಿ ಕೊಟ್ಟಾಗಿದೆ. ಮಗಳಿಗೆ ಆಷಾಢದ ಗಾಳಿಯಲ್ಲೇ ಹೋಗಬೇಕಂತೆ. ಅದಕ್ಕೆ ಅವಳಮ್ಮನ ಅನುಮತಿ ಬೇರೆ ಬೇಕು, ಅದು ಸಿಗಲ್ಲ.