ಹದಿನೆಂಟನೇ ಓವರಿನ ಶ್ರೇಯಾಂಕಾ

ಆಫ್‌ಸ್ಪಿನ್ನರ್ ಶ್ರೇಯಾಂಕಾ ಪಾಟೀಲ ಎಂದೊಡನೆ ಎಲ್ಲರೂ 2024ರ ಮಾರ್ಚ್ 17ರ ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಫೈನಲ್ ನೆನೆಯುತ್ತಾರೆ. 12 ರನ್ನಿಗೆ 4 ವಿಕೆಟ್, ಆರ್‌ಸಿಬಿಗೆ ಮೊಟ್ಟಮೊದಲ ಟ್ರೋಫಿ, ಒಟ್ಟು 13 ವಿಕೆಟ್‌ಗಳೊಂದಿಗೆ ಅತಿ ಹೆಚ್ಚು ವಿಕೆಟ್ ಪಡೆದವರಿಗೆ ಸಿಗುವ ಪರ್ಪಲ್ ಕ್ಯಾಪ್. ಸಂಭ್ರಮಿಸಬೇಕಾದದ್ದೇ. ಆದರೆ ಕಾಲೇಜು ತಂಡದಲ್ಲಿ ಆಫ್‌ಸ್ಪಿನ್ ಹಾಕುತ್ತಿದ್ದ ನನಗೆ ಈ ಹುಡುಗಿಯ ಎದೆಗಾರಿಕೆ ಕಂಡದ್ದು ಅದಕ್ಕೆ ಎರಡು ದಿನ ಮೊದಲು, ಮುಂಬೈ ವಿರುದ್ಧದ, ಸೋತವರು ಹೊರಬೀಳುವ ಎಲಿಮಿನೇಟರ್‌ನಲ್ಲಿ.

ಮುಂಬೈಗೆ 18 ಎಸೆತಗಳಲ್ಲಿ 20 ರನ್ ಸಾಕಿತ್ತು. ಕ್ರೀಸಿನಲ್ಲಿ ಹರ್ಮನ್‌ಪ್ರೀತ್ ಕೌರ್. ಅವರು ನಿಂತಿದ್ದರೆ ಅದೊಂದು ಲೆಕ್ಕವೇ ಅಲ್ಲ. ನಾಯಕಿ ಸ್ಮೃತಿ ಮಂದಾನ ಚೆಂಡು ಕೊಟ್ಟದ್ದು 21ರ ಹರೆಯದ ಶ್ರೇಯಾಂಕಾ ಕೈಗೆ. ಆ ಹದಿನೆಂಟನೇ ಓವರಿನಲ್ಲಿ ಬಂದದ್ದು ನಾಲ್ಕೇ ರನ್. ಹರ್ಮನ್‌ಪ್ರೀತ್ ಹೊಡೆದ ಚೆಂಡು ಕ್ಯಾಚಾಗಿ ಆರ್‌ಸಿಬಿಯ ಸೋಫಿ ಡಿವೈನ್ ಕೈ ಸೇರಿತು. ಆರ್‌ಸಿಬಿ 5 ರನ್ನಿನಿಂದ ಗೆದ್ದಿತು.

ಹೊಡೆತ ತಿಂದ ಆಫ್‌ಸ್ಪಿನ್ನರ್‌ಗೆ ಮುಂದಿನ ಚೆಂಡನ್ನು ಚಪ್ಪಟೆಯಾಗಿ, ಬಿರುಸಾಗಿ ಎಸೆದು ಪಾರಾಗುವ ಆಸೆ ಹುಟ್ಟುತ್ತದೆ. ಆ ಆಸೆಯನ್ನು ಮೀರುವುದು ಎಷ್ಟು ಕಷ್ಟ ಎಂಬುದು ಬೌಲಿಂಗ್ ಮಾಡಿದವರಿಗೇ ಗೊತ್ತು. 2023ರ ಡಿಸೆಂಬರ್ 6ರಂದು ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಭಾರತ ತಂಡಕ್ಕೆ ಪದಾರ್ಪಣೆ ಮಾಡಿದಾಗ ಶ್ರೇಯಾಂಕಾ 2 ವಿಕೆಟ್ ಪಡೆದರೂ 44 ರನ್ ಕೊಟ್ಟಿದ್ದಳು. ನಾಲ್ಕೇ ದಿನಗಳ ನಂತರ ಅದೇ ಮೈದಾನ, ಅದೇ ಎದುರಾಳಿ: 19ಕ್ಕೆ 3. ಶನಿವಾರ ನನ್ನ ಬಳಿ ಅಭ್ಯಾಸಕ್ಕೆ ಬರುವ ಹುಡುಗಿಯರಿಗೆ ನಾನು ಹೇಳುವುದು ಈ ಎರಡು ಪಂದ್ಯಗಳ ಕಥೆಯನ್ನೇ.

ಅದಕ್ಕೂ ಮುನ್ನ, 2023ರಲ್ಲೇ, ಹಾಂಗ್‌ಕಾಂಗ್‌ನಲ್ಲಿ ನಡೆದ, ಉದಯೋನ್ಮುಖ ಆಟಗಾರ್ತಿಯರ ಎಮರ್ಜಿಂಗ್ ಏಷ್ಯಾ ಕಪ್ ಫೈನಲ್‌ನಲ್ಲಿ ಬಾಂಗ್ಲಾದೇಶ ‘ಎ’ ತಂಡದ ವಿರುದ್ಧ 13ಕ್ಕೆ 4 ವಿಕೆಟ್ ಕಿತ್ತಿದ್ದಳು. ದೇಶದ ಹಿರಿಯರ ತಂಡಕ್ಕೆ ಆಡುವ ಮೊದಲೇ ಗಯಾನಾ ತಂಡದ ಪರ ಕೆರಿಬಿಯನ್ ಲೀಗ್ ಆಡಿ ಬಂದಳು. 10 ಲಕ್ಷ ರೂಪಾಯಿ ಮೂಲಬೆಲೆಗೆ ಆರ್‌ಸಿಬಿ ಪಾಲಾಗಿದ್ದ ಹುಡುಗಿ ಇವಳೇ.

ನನಗೆ ಚಿಂತೆ ಅವಳ ಎಡಗೈಯದ್ದು. 2024ರ ಡಬ್ಲ್ಯುಪಿಎಲ್ ನಡುವೆಯೇ ಅದಕ್ಕೆ ಪೆಟ್ಟಾಗಿ ಎರಡು ಪಂದ್ಯ ತಪ್ಪಿದ್ದವು. ಜುಲೈನಲ್ಲಿ ದಂಬುಲ್ಲಾದಲ್ಲಿ ಪಾಕಿಸ್ತಾನದ ವಿರುದ್ಧ 14ಕ್ಕೆ 2 ವಿಕೆಟ್ ಪಡೆದ ಪಂದ್ಯದಲ್ಲೇ ಬೆರಳು ಮುರಿದು ಏಷ್ಯಾ ಕಪ್ ಕೈತಪ್ಪಿತು. ಅಕ್ಟೋಬರ್‌ನ ವಿಶ್ವಕಪ್‌ಗೆ ಮರಳಿದಳು. ದುಬೈನಲ್ಲಿ ಮತ್ತೆ ಅದೇ ಪಾಕಿಸ್ತಾನ ಎದುರಾಯಿತು: ನಾಲ್ಕು ಓವರ್, 12 ರನ್, 2 ವಿಕೆಟ್.