ಲ್ಯಾಬ್ ಮಾಂಸ: ಕೋಶಕ್ಕೇನೂ ಬರವಿಲ್ಲ, ಮೇವೇ ದುಬಾರಿ

ಬದುಕಿರುವ ಹಸುವಿನಿಂದ ಬೆರಳುಗುರಿನಷ್ಟು ಮಾಂಸ ತೆಗೆಯುತ್ತಾರೆ. ಅದನ್ನು ಸಣ್ಣಗೆ ಕೊಚ್ಚಿ, ಕೊಲ್ಯಾಜಿನೇಸ್ ಎಂಬ ಕಿಣ್ವದಲ್ಲಿ ನೆನೆಸಿದರೆ ಸ್ನಾಯುವಿನ ಸ್ಯಾಟಲೈಟ್ ಕೋಶಗಳು (ಪೆಟ್ಟಾದಾಗ ಹೊಸ ಸ್ನಾಯು ಕಟ್ಟುವಂಥವು) ಬಿಡಿಸಿಕೊಳ್ಳುತ್ತವೆ. ಪ್ರಾಣಿ ಕೊಲ್ಲದೆ ಕೋಶ ಬೆಳೆಸಿ ಮಾಡುವ ಲ್ಯಾಬ್ ಮಾಂಸಕ್ಕೆ ಇವೇ ಬೀಜ.

37 ಡಿಗ್ರಿ ಶಾಖ, ಶೇ. 5 ಇಂಗಾಲದ ಡೈಆಕ್ಸೈಡ್, 7.2ರಿಂದ 7.4ರೊಳಗಿನ ಪಿಎಚ್ ಇದ್ದರೆ ಕೋಶಗಳು ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ. ತಟ್ಟೆ ಶೇ. 70-80ರಷ್ಟು ತುಂಬಿತೋ, ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಎಬ್ಬಿಸಿ ಬೇರೆ ತಟ್ಟೆಗೆ ಹಂಚಬೇಕು. ತಡಮಾಡಿದರೆ ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ. ಬೆಸೆದ ಮೇಲೆ ಮರಿ ಹಾಕುವುದಿಲ್ಲ. ಬೆಳೆಸುವ ದ್ರಾವಣದಲ್ಲಿ ಶೇ. 10-20 ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇರುತ್ತದೆ. ಎಣಿಕೆ ಸಾಕಾದಾಗ ಅದನ್ನು ಶೇ. 2ಕ್ಕೆ ಇಳಿಸಿ ಬೇಕೆಂದೇ ಹಸಿವಿಗೆ ಕೆಡವಿದರೆ ಕೋಶಗಳು ಬೆಸೆದು ಸ್ನಾಯುವಿನ ಎಳೆಯಾಗುತ್ತವೆ.

ತಕರಾರಿರುವುದು ಈ ಸೀರಮ್ ಬಗ್ಗೆಯೇ. ಅದು ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಭ್ರೂಣದ ರಕ್ತದಿಂದ ಬರುವಂಥದ್ದು. ಪ್ರಾಣಿ ಕೊಲ್ಲದ ಮಾಂಸಕ್ಕೆ ಇದು ಮೇವು ಎಂದರೆ ಯಾರು ಒಪ್ಪುತ್ತಾರೆ? 2020ರ ಡಿಸೆಂಬರ್‌ನಲ್ಲಿ ಸಿಂಗಪುರ ಮಾರಾಟಕ್ಕೆ ಒಪ್ಪಿದ ಕೋಳಿ ಮಾಂಸದ ತಯಾರಿಯಲ್ಲೂ ಇದು ಇತ್ತು. ಸೀರಮ್ ಇಲ್ಲದ ತಯಾರಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಸೀರಮ್ ಬಿಟ್ಟರೆ ಅದರ ಕೆಲಸವನ್ನು ಕೋಶ ಬೆಳೆಯುವಂತೆ ಪ್ರಚೋದಿಸುವ ಎಫ್‌ಜಿಎಫ್-2ನಂಥ ಪ್ರೋಟೀನುಗಳಿಂದ ಮಾಡಿಸಬೇಕು. ಸಕ್ಕರೆ, ಉಪ್ಪು, ಅಮೈನೊ ಆಮ್ಲ ಅಗ್ಗ; ಜೇಬು ಖಾಲಿಯಾಗುವುದು ಈ ಪ್ರೋಟೀನುಗಳಿಗೆ. ಸಾಲದ್ದಕ್ಕೆ ಎಫ್‌ಜಿಎಫ್-2 ಆ 37 ಡಿಗ್ರಿ ಶಾಖಕ್ಕೆ ಬೇಗ ಕೆಡುತ್ತದೆ, ಮತ್ತೆ ಮತ್ತೆ ಹಾಕಬೇಕು.

ದೊಡ್ಡ ಟ್ಯಾಂಕಿಗೆ ಏರಿಸಿದಾಗ ಬೇರೆ ತಲೆನೋವು. ಕೋಶಗಳು ಹೊರಹಾಕುವ ಲ್ಯಾಕ್ಟೇಟ್, ಅಮೋನಿಯಾ ಸೇರಿಕೊಂಡು ಬೆಳವಣಿಗೆ ಕುಂಟುತ್ತದೆ. ಆಮ್ಲಜನಕಕ್ಕೆಂದು ಜೋರಾಗಿ ಕಲಕಿದರೆ ಕೋಶಗಳೇ ಒಡೆದುಹೋಗುತ್ತವೆ. ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಒಂದು ಸಡಿಲ ವಾಷರಿನಲ್ಲಿ ನುಸುಳಿದರೂ ಇಡೀ ಟ್ಯಾಂಕು ಮೋರಿಗೆ. ಮೈಕೊಪ್ಲಾಸ್ಮಾ ಎಂಬ ಪುಟಾಣಿ ಬ್ಯಾಕ್ಟೀರಿಯಾ ಇನ್ನೂ ಕಳ್ಳ: ದ್ರಾವಣ ಕದಡುವುದೂ ಇಲ್ಲ, ಮಾಮೂಲಿ ಪೆನಿಸಿಲಿನ್‌ಗೆ ಸಾಯುವುದೂ ಇಲ್ಲ. ಅದರ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಯನ್ನು ತಪ್ಪದೆ ಮಾಡಿಸಲೇಬೇಕು.

ಇಷ್ಟಾದರೂ ತುಂಡು ಮಾಂಸ ಸಿಗುವುದಿಲ್ಲ. ರಕ್ತನಾಳ ಇಲ್ಲದ ಕಡೆ ಆಮ್ಲಜನಕ ಹೆಚ್ಚೆಂದರೆ 0.2 ಮಿಲಿಮೀಟರ್ ಇಳಿಯುತ್ತದೆ. ಒಳಗಿನ ಕೋಶಗಳು ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಖೀಮಾ, ನಗೆಟ್ ಸುಲಭ. ಮೂಳೆ ಸಮೇತ ಬಿರಿಯಾನಿ ಪೀಸ್ ಸದ್ಯಕ್ಕೆ ಕೇಳಬೇಡಿ. ದಪ್ಪ ತುಂಡಿಗಾಗಿ ಸೋಯಾ ಪ್ರೋಟೀನಿನ ರಂಧ್ರಭರಿತ ಹಂದರದ ಮೇಲೆ ಕೋಶ ಬಿತ್ತಿ, ನಡುವೆ ದ್ರಾವಣ ಹರಿಸುವ ಪ್ರಯೋಗಗಳು ನಡೆದಿವೆ.