ಕರೆಂಟ್ ಹೋದರೆ ಸೋಲಾರ್ ಓಡುತ್ತಾ?

ಸ್ವಂತ ದುಡ್ಡು ಕೊಟ್ಟು ಸೇಲ್ಸ್ ಕಲಿಯಲು ಹೋಗುತ್ತೇನೆ ಅಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕರು. "ಕಂಪನಿಯೇ ಟ್ರೈನಿಂಗ್ ಕೊಡ್ತದಲ್ಲ ಮಾರಾಯ್ರೆ, ದುಡ್ಡು ಜಾಸ್ತಿ ಆಯ್ತಾ?" ಕೊಡುತ್ತದೆ, ನಿಜ. ಬೆಂಗಳೂರಿನ ಯಾವುದೋ ಹೋಟೆಲಿನ ಎಸಿ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸುತ್ತಾರೆ, ಮಧ್ಯಾಹ್ನ ಒಳ್ಳೆ ಊಟ ಹಾಕುತ್ತಾರೆ. ಉಳಿದ ದಿನ ಕಲಿಸಬೇಕಾದವರು ನಮ್ಮ ಮ್ಯಾನೇಜರ್. ತಿಂಗಳ ಕೊನೆಗೆ ಟಾರ್ಗೆಟ್ ಕೇಳುವವರೂ ಅವರೇ, ಇನ್ಸೆಂಟಿವ್‌ಗೆ ಸಹಿ ಹಾಕುವವರೂ ಅವರೇ. ಅವರ ಹತ್ತಿರ ಹೋಗಿ "ಸರ್, ರೇಟ್ ಹೇಳುವಾಗ ನನಗೆ ನಾಲಿಗೆ ಒಣಗುತ್ತದೆ" ಅಂತ ಯಾರು ಹೇಳುತ್ತಾರೆ? ಅಪ್ರೈಸಲ್ ದಿನ ಅದೇ ಮಾತು ನಮ್ಮ ಮುಖಕ್ಕೇ ವಾಪಸ್ ಬರುತ್ತದೆ. ನನ್ನ ಟಾರ್ಗೆಟ್‌ಗೆ ಸಂಬಂಧವೇ ಇಲ್ಲದ ಒಬ್ಬರು ಬೇಕಿತ್ತು.

ನಾನು ಮಾರುವುದು ಮನೆ ಮಾಡಿನ ಮೇಲೆ ಹಾಕುವ ಸೋಲಾರ್. 2024ರ ಫೆಬ್ರವರಿಯಲ್ಲಿ, ಇದಕ್ಕೆ ಸಬ್ಸಿಡಿ ಕೊಡುವ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ವಿಚಾರಿಸುವವರು ಜಾಸ್ತಿಯಾದರು. 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಅಂದರೆ ಯಾರ ಕಿವಿಯೂ ನೆಟ್ಟಗಾಗುತ್ತದೆ. ಆದರೆ ವಿಚಾರಿಸುವುದೇ ಬೇರೆ, ಅಡ್ವಾನ್ಸ್ ಕೊಡುವುದೇ ಬೇರೆ. "ನಮಗೆ ಗೃಹಜ್ಯೋತಿ ಉಂಟಲ್ಲ, ಬಿಲ್ಲೇ ಬರುವುದಿಲ್ಲ" ಅನ್ನುವವರನ್ನು ಬಿಡಿ, ಅವರು ಹೇಳುವುದರಲ್ಲಿ ನ್ಯಾಯವಿದೆ. 200 ಯೂನಿಟ್ ದಾಟಿಸಿ ಎಸಿ ಓಡಿಸುವ ಮನೆಗಳಲ್ಲೂ ಕೈ ಮುಂದೆ ಬರುವುದಿಲ್ಲ.

ಪರಿಚಯದವರು ತೋರಿಸಿಕೊಟ್ಟ ಸರ್ ಇರುವುದು ಮಂಗಳೂರಿನ ಬಿಜೈಯಲ್ಲಿ. ರಿಟೈರ್ ಆದ ಮೆಡಿಕಲ್ ರೆಪ್. ಅದಕ್ಕೂ ಮೊದಲು, ಹುಡುಗನಾಗಿದ್ದಾಗ, ಉಡುಪಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡಿದವರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಶುರು ಮಾಡಿದ ಪಿಗ್ಮಿ ಉಳಿತಾಯ ಇದೆಯಲ್ಲ, ಅದೇ. "ಮೀನು ಮಾರುವವರ ಹತ್ತಿರ ದಿನಾ ಹೋಗಿ, ಬೈಸಿಕೊಳ್ಳದೆ ದುಡ್ಡು ಇಸಕೊಂಡು ಬಂದ್ರೆ ಅದು ಸೇಲ್ಸ್" ಅನ್ನುತ್ತಾರೆ. ಅವರದ್ದು ಒಂದೇ ಷರತ್ತು. ಮನೆಯಲ್ಲಿ ಕೂರಿಸಿ ಪಾಠ ಮಾಡುವುದಿಲ್ಲ. ಗಿರಾಕಿ ಮನೆಗೆ ಜೊತೆಗೆ ಬರುತ್ತಾರೆ, ಅಲ್ಲಿ ಬಾಯಿ ಬಿಡುವುದಿಲ್ಲ.

ಹಾಗೆ ಅವರನ್ನು ಕರೆದುಕೊಂಡು ಹೋದದ್ದು ಹಳೆಯಂಗಡಿಯ ಒಂದು ಮನೆಗೆ. ಜೂನ್ ತಿಂಗಳು, ಜೋರು ಮಳೆ. ಟೆರೇಸಿನ ಮೇಲೆ ಶೀಟ್ ಹಾಕಿಸಿದ ಮನೆ. ಅಮ್ಮ ಒಬ್ಬರೇ, ಮಗ ಮಸ್ಕತ್‌ನಲ್ಲಿ. "ಇವರು ನನಗೆ ಕಲಿಸುವವರು, ನೋಡಲಿಕ್ಕೆ ಬಂದಿದ್ದಾರೆ" ಅಂತ ಇದ್ದದ್ದನ್ನೇ ಹೇಳಿದೆ. "ನಿಮಗೂ ಟೀಚರ್ ಉಂಟಾ?" ಅಂತ ನಕ್ಕು ಇಬ್ಬರಿಗೂ ಚಹಾ ತಂದರು.

ನಾನು ಶುರು ಮಾಡಿದೆ. ಪ್ಯಾನೆಲ್, ಮನೆಗೆ ಬಂದ ಕರೆಂಟ್, ನಾವು ಲೈನ್‌ಗೆ ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೆಸ್ಕಾಂನ ನೆಟ್ ಮೀಟರ್, ಸಬ್ಸಿಡಿ ಖಾತೆಗೆ ಬರುವ ರೀತಿ, ಕಡಲ ಗಾಳಿಗೆ ಸ್ಟ್ರಕ್ಚರ್ ತುಕ್ಕು ಹಿಡಿಯದಂತೆ ಏನು ಮಾಡುತ್ತೇವೆ ಅನ್ನುವುದು. ಅಮ್ಮ ನಡುವೆ ತುಳುವಿನಲ್ಲಿ ಕೇಳಿದ್ದು ಒಂದೇ: "ಬರ್ಸ ಬನ್ನಗ ಎಂಚ?" ಮಳೆ ಬರುವಾಗ ಹೇಗೆ ಅಂತ. ಮಳೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಯಾವತ್ತೂ ರೆಡಿ. ಒಳ್ಳೆ ಬಿಸಿಲಿಗೆ 3 ಕಿಲೋವ್ಯಾಟ್‌ನಲ್ಲಿ ದಿನಕ್ಕೆ 12 ಯೂನಿಟ್ ಹತ್ತಿರ ಬರುತ್ತದೆ, ಮಳೆಗಾಲದಲ್ಲಿ ಚೆನ್ನಾಗಿಯೇ ಇಳಿಯುತ್ತದೆ, ವರ್ಷದ ಲೆಕ್ಕ ಹಾಕಿದರೆ ನಷ್ಟ ಇಲ್ಲ. ಅಮ್ಮ ತಲೆ ಆಡಿಸಿದರು. "ಮಗನತ್ರ ಮಾತಾಡಿ ಹೇಳ್ತೇನೆ" ಅಂದರು. ಈ ಮಾತು ಕೇಳಿಸಿಕೊಂಡು ಎಷ್ಟು ಮನೆಗಳ ಮೆಟ್ಟಿಲು ಇಳಿದಿದ್ದೇನೋ.

ವಾಪಸ್ ಬರುವಾಗ ಸುರತ್ಕಲ್‌ನಲ್ಲಿ ಹೋಟೆಲಿಗೆ ಹೊಕ್ಕೆವು. ಗೋಳಿಬಜೆ ಬರುವಷ್ಟರಲ್ಲಿ ಸರ್ ನೋಟ್‌ಬುಕ್ ತೆಗೆದರು. ಹಾಳೆಯ ನಡುವೆ ಒಂದು ಗೆರೆ. ಎಡಗಡೆ ಅಮ್ಮ ಹೇಳಿದ್ದು, ಬಲಗಡೆ ನಾನು ಹೇಳಿದ್ದು. ಬಲಗಡೆ ತುಂಬಿ ಪುಟ ತಿರುಗಿಸಿದ್ದರು. ಎಡಗಡೆ ನಾಲ್ಕೈದು ಸಾಲು.

"ಮಳೆ ಬಂದರೆ ಹೇಗೆ ಅಂತ ಕೇಳುವಾಗ ಅವರು ಎಲ್ಲಿ ನೋಡಿದ್ರು, ಹೇಳಿ?"

ನನಗೆ ಗೊತ್ತಿರಲಿಲ್ಲ. ಸರ್‌ಗೆ ಗೊತ್ತಿತ್ತು. ಫ್ರಿಜ್ ಮೇಲೆ. ಅಲ್ಲಿ ಸ್ಟೀಲ್ ಲೋಟ ಬೋರಲು ಹಾಕಿ, ಅದರ ಮೇಲೆ ಅರ್ಧ ಉರಿದ ಕ್ಯಾಂಡಲ್ ಅಂಟಿಸಿದ್ದರು. ಪಕ್ಕದಲ್ಲಿ ಬೆಂಕಿಪೆಟ್ಟಿಗೆ. "ಅವರಿಗೆ ಯೂನಿಟ್ ಬೇಡ ಮಾರಾಯ್ರೆ. ರಾತ್ರಿ ಗಾಳಿಮಳೆಗೆ ಲೈನ್ ಹೋದ್ರೆ ಒಬ್ಬರೇ ಕತ್ತಲೆಯಲ್ಲಿ ಕೂರಬೇಕು. ಅದು ಅವರ ಪ್ರಶ್ನೆ."

ಇಲ್ಲೇ ನಮ್ಮ ಕಸುಬಿನ ಕಷ್ಟ ಇರುವುದು. ಸಬ್ಸಿಡಿಯಲ್ಲಿ ಹೆಚ್ಚಿನವರು ಹಾಕಿಸುವ ಸಾದಾ ಸೋಲಾರ್ ಮೆಸ್ಕಾಂ ಲೈನ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ. ನಡು ಮಧ್ಯಾಹ್ನ, ಸುಡು ಬಿಸಿಲಿದ್ದರೂ ಅಷ್ಟೇ. ಇಲ್ಲದಿದ್ದರೆ ನಮ್ಮ ಮಾಡಿನ ಕರೆಂಟ್ ಹಿಂದಕ್ಕೆ ಹರಿದು, ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ. ಕರೆಂಟ್ ಹೋದಾಗಲೂ ಲೈಟ್ ಬೇಕು ಅಂದರೆ ಬ್ಯಾಟರಿ, ಅದರ ಜೊತೆ ಓಡುವ ಹೈಬ್ರಿಡ್ ಇನ್ವರ್ಟರ್ ಬೇಕು, ಖರ್ಚು ಏರುತ್ತದೆ. ಕೇಳಿದರೆ ಮಾತ್ರ ಇದನ್ನು ಹೇಳಿ ಅನ್ನುವುದು ನಮ್ಮ ಆಫೀಸಿನ ಪಾಠ. ಸರ್ ಹೇಳಿದ್ದು ಉಲ್ಟಾ: "ಅವರು ಕೇಳುವ ಮೊದಲೇ ಹೇಳಿ. ಪಕ್ಕದ ಮನೆಯವರಿಂದ ಗೊತ್ತಾದ್ರೆ ನೀವು ಹೇಳಿದ ಸಬ್ಸಿಡಿಯನ್ನೂ ನಂಬುವುದಿಲ್ಲ."

ಮರುದಿನವೇ ಹೋಗಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಟರಿ ಇರುವುದಕ್ಕೆ ಎಷ್ಟಾಗ್ತದೆ ಮಗಾ?" ಅಂತ ತಾವಾಗಿಯೇ ರೇಟ್ ಕೇಳಿದರು. ಕಥೆ ಅಲ್ಲಿಗೆ ಸುಖಾಂತ್ಯ ಅಂದುಕೊಳ್ಳಬೇಡಿ. ಆ ವಾರವೇ ಅವರು ಬೇರೆ ಅಂಗಡಿಯಿಂದ ಲೈಟು, ಫ್ಯಾನಿಗೆ ಸಾಕಾಗುವ ಒಂದು ಇನ್ವರ್ಟರ್ ತರಿಸಿದರು. ಸೋಲಾರ್ ಮಳೆ ಬಿಟ್ಟ ಮೇಲೆ ನೋಡುವ ಅಂದರು. ಮ್ಯಾನೇಜರ್ ಮುಖ ಸಿಂಡರಿಸಿದರು. ಅಮ್ಮ ಮಾತ್ರ ತಮ್ಮ ತಂಗಿಯ ಮನೆಗೆ, ಆಮೇಲೆ ಚರ್ಚಿನ ಹತ್ತಿರದ ಇನ್ನೊಂದು ಮನೆಗೆ ಫೋನ್ ಮಾಡಿ "ಇವರು ಇದ್ದದ್ದು ಹೇಳ್ತಾರೆ" ಅಂತ ನನ್ನ ನಂಬರ್ ಕೊಟ್ಟರು. ತಂಗಿಯ ಮನೆಯ ಆರ್ಡರ್ ಆಯಿತು.

ಸರ್ ಹೇಳಿದ್ದೆಲ್ಲ ಒಪ್ಪಿಕೊಂಡಿಲ್ಲ. ಮೊದಲ ಭೇಟಿಯಲ್ಲೇ ಆರ್ಡರ್ ಕೇಳಬೇಕು ಅನ್ನುತ್ತಾರೆ. ಡಾಕ್ಟರ್ ಕೊಡುವ ಎರಡು ನಿಮಿಷದಲ್ಲಿ ಕೆಲಸ ಮುಗಿಸಿದವರ ಅಭ್ಯಾಸ ಅದು. ಲಕ್ಷಗಟ್ಟಲೆಯ ಸಾಮಾನನ್ನು ನಮ್ಮ ಕರಾವಳಿಯ ಮನೆಗಳಲ್ಲಿ ಹಾಗೆ ಕೇಳಿದರೆ ಮುಂದಿನ ಸಲ ಗೇಟೇ ತೆಗೆಯುವುದಿಲ್ಲ. ತೀರ್ಮಾನ ಆಗುವುದು ವಾಟ್ಸಾಪ್ ಕಾಲ್‌ನಲ್ಲಿ. ಹಾಗಾಗಿ ಈಗ ಮೊದಲ ದಿನ ನಾನು ಕೇಳುವುದು ಮಗನ ಡ್ಯೂಟಿ ಮುಗಿಯುವ ಟೈಮ್. ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ 9ಕ್ಕೆ ಹೋಗಿ ಕೂತರೆ ತಾಯಿ ಮಗ ಇಬ್ಬರೂ ಒಟ್ಟಿಗೆ ಸಿಗುತ್ತಾರೆ.

ಆ ಹೊತ್ತಿಗೆ ಸರ್ ಬರುವುದಿಲ್ಲ, ಊಟ ಮಾಡಿ ಮಲಗಿರುತ್ತಾರೆ. ಅಂಥ ಮನೆಗಳಲ್ಲಿ ಗೆರೆಯ ಎರಡೂ ಕಡೆ ನಾನೇ ಬರೆಯುತ್ತೇನೆ. ಬಲಗಡೆಯದ್ದು ಈಗಲೂ ಉದ್ದವೇ. ಇನ್ನೂ ಸ್ವಲ್ಪ ಸಮಯ ಫೀಸು ಕಟ್ಟಬೇಕಾದೀತು.